12345654321: ಅಮೋಘವರ್ಷನ ಕಾಲದ ಒಂದು ಲೆಕ್ಕ

ಎಡದಿಂದ ಓದಿ, ಬಲದಿಂದ ಓದಿ, ಒಂದೇ: 12345654321. ನಮ್ಮ ಎಣಿಕೆಯಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಹುಬ್ಬಳ್ಳಿ-ಧಾರವಾಡದ ಮಕ್ಕಳ ಮೊಬೈಲಿಗೂ ಇಂಥವು 'ಮ್ಯಾಜಿಕ್ ನಂಬರ್' ಅಂತ ಬರುತ್ತಿರುತ್ತವೆ. ಯಾರು ಬರೆದದ್ದು, ಯಾವಾಗ ಅನ್ನುವುದು ಮಾತ್ರ ಜೊತೆಗೆ ಬರುವುದಿಲ್ಲ.

ಈ ಸಂಖ್ಯೆ ಕ್ರಿ.ಶ. 850ರ ಸುಮಾರಿನ 'ಗಣಿತಸಾರಸಂಗ್ರಹ'ದಲ್ಲಿದೆ. ಬರೆದವನು ಗಣಿತಜ್ಞ ಮಹಾವೀರಾಚಾರ್ಯ. ಗ್ರಂಥದ ಆರಂಭದಲ್ಲೇ ಅವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ಅದೇ ದೊರೆಯ ಕಾಲದ 'ಕವಿರಾಜಮಾರ್ಗ' ತಿರುಳ್ಗನ್ನಡದ ಊರುಗಳಲ್ಲಿ ಪುಲಿಗೆರೆಯನ್ನೂ ಎಣಿಸುತ್ತದೆ. ಪುಲಿಗೆರೆ ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಮಹಾವೀರ ಬರೆದದ್ದು ಸಂಸ್ಕೃತದಲ್ಲಿ, ಆದರೆ ಆ ಲೆಕ್ಕ ಹುಟ್ಟಿದ್ದು ಈ ನಾಡನ್ನೂ ಆಳಿದ ರಾಜ್ಯದಲ್ಲಿ.

ಅವನು ಕೊಟ್ಟ ಲೆಕ್ಕ ಇದು: ಈ ಸಂಖ್ಯೆಯನ್ನು 441ರಿಂದ ಭಾಗಿಸಿ. ಉತ್ತರ 27994681. ದೊಡ್ಡ ಸಂಖ್ಯೆಯನ್ನು ಅವನು ಬಣ್ಣಿಸುವ ರೀತಿಯೇ ಚೆಂದ. ಒಂದರಿಂದ ಶುರುವಾಗಿ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತದೆ ಅನ್ನುತ್ತಾನೆ. ಅಂಕಿಗೆ ಅದು ಕೂತ ಸ್ಥಾನದಿಂದ ಬೆಲೆ ಬರುವ ಪದ್ಧತಿ ಆಗಲೇ ಎಷ್ಟು ಗಟ್ಟಿಯಾಗಿತ್ತು ಅನ್ನುವುದಕ್ಕೆ ಈ ಮಾತೇ ಸಾಕ್ಷಿ.

ಸುಮ್ನೆ ಯಾವುದೋ ಎರಡು ಸಂಖ್ಯೆ ಆರಿಸಿಕೊಂಡನೇ? ಇಲ್ಲ ಅಂತ ನನಗನ್ನಿಸುತ್ತದೆ. 441 ಅಂದರೆ 21ರ ವರ್ಗ. 27994681 ಅಂದರೆ 5291ರ ವರ್ಗ. 21 ಮತ್ತು 5291 ಗುಣಿಸಿದರೆ 111111. ಅಂದರೆ ನಮ್ಮ ದೊಡ್ಡ ಸಂಖ್ಯೆ ಆರು ಒಂದುಗಳ ವರ್ಗ. ಮಹಾವೀರ ವರ್ಗವನ್ನು ಎರಡು ವರ್ಗಗಳಾಗಿ ಒಡೆದು, ಗುಟ್ಟು ಕಾಣದ ಹಾಗೆ ಕೈಗಿಟ್ಟಿದ್ದಾನೆ!

ಇಳಿಕೆ-ಏರಿಕೆ ಹೇಗೆ ಬಂತು? ಕಾಗದದ ಮೇಲೆ 111111 ಅನ್ನು ಆರು ಸಲ ಒಂದರ ಕೆಳಗೊಂದು ಬರೆಯಿರಿ, ಪ್ರತಿ ಸಲ ಒಂದೊಂದು ಮನೆ ಎಡಕ್ಕೆ ಸರಿಸಿ. ಬಲದ ತುದಿಯ ಕಂಬದಲ್ಲಿ ಒಂದೇ 1, ಪಕ್ಕದಲ್ಲಿ ಎರಡು, ನಡುವಿನ ಕಂಬದಲ್ಲಿ ಆರು, ಆಮೇಲೆ ಮತ್ತೆ ಕಡಿಮೆ. ಎಲ್ಲೂ ಮೊತ್ತ ಹತ್ತು ಮುಟ್ಟುವುದಿಲ್ಲ, ಆದ್ದರಿಂದ ಪಕ್ಕದ ಮನೆಗೆ ದಶಕ ಕೊಡುವ ಪ್ರಸಂಗವೇ ಇಲ್ಲ. ಅಷ್ಟೇ ಕಾರಣ.

111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ. ಭಾಜಕ ಕಟ್ಟುವಾಗ ಐದರಲ್ಲಿ ಪ್ರತಿಯೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು; ಹಾಗಾಗಿ ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 243. ಅಂಕಿಗಳ ಮೊತ್ತ 36, ಅದೂ ಆರರ ವರ್ಗ.

ಈ ಗ್ರಂಥ ಹೊಸ ಕಾಲದ ಓದುಗರಿಗೆ ಸಿಕ್ಕಿದ್ದು 1912ರಲ್ಲಿ. ಎಂ. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ 2000ದಲ್ಲಿ ಬಂತು. ನಮ್ಮ ಭಾಷೆಗೆ ಬರಲು ಇಷ್ಟು ತಡವಾದದ್ದು ನನಗೆ ಬೇಸರದ ಸಂಗತಿ. ಲಕ್ಷ್ಮೇಶ್ವರದ ಶಾಲೆಯಲ್ಲಿ ವರ್ಗಸಂಖ್ಯೆ ಕಲಿಸುವಾಗ ಮಹಾವೀರನ ಹೆಸರು ಹೇಳಿಯೇ ಈ ಲೆಕ್ಕ ಕೊಡಬೇಕು.

ಕೊಟ್ಟರೆ ಮಕ್ಕಳು ಆರಕ್ಕೆ ನಿಲ್ಲುವುದಿಲ್ಲ. ಏಳು, ಎಂಟು, ಒಂಬತ್ತು ಒಂದುಗಳವರೆಗೂ ಏರಿಳಿತ ಸರಿಯಾಗಿ ಬರುತ್ತದೆ. ಹತ್ತು ಒಂದುಗಳ ವರ್ಗ ಮಾಡಿದರೆ ನಡುಗಂಬದ ಮೊತ್ತ ಹತ್ತಾಗಿ, ದಶಕ ಎಡಕ್ಕೆ ಹೋಗಿ, 1234567900987654321 ಬರುತ್ತದೆ. ಎಡದಲ್ಲಿ ಎಂಟು ಕಾಣೆಯಾಗಿದೆ, ನೋಡಿ.