ನಿಮ್ಮ ಎದೆಬಡಿತ ಸಭೆಗೆ ಕೇಳಿಸುವುದಿಲ್ಲ

ಮೈಕಿನ ಮುಂದೆ ನಿಂತಾಗ ಎದೆ ಡವಗುಟ್ಟಿದರೆ ಆತ್ಮವಿಶ್ವಾಸವೇ ಇಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಈ ನಂಬಿಕೆಯ ಬೆನ್ನಿಗೇ ತಾಯಿತವೂ ಸಮ್ಮೋಹನದ ಶಿಬಿರವೂ ಮಾರಾಟವಾಗುತ್ತವೆ. ಆರೋಗ್ಯವಂತ ದೇಹ ತನ್ನ ಕೆಲಸ ತಾನು ಮಾಡುತ್ತಿರುವುದನ್ನೇ ರೋಗವೆಂದು ಹೆದರಿಸುವುದು ನನಗೆ ಸಹಿಸಲಾಗದ ಸಂಗತಿ.

ಹತ್ತಾರು ಕಣ್ಣುಗಳು ನಮ್ಮನ್ನು ಅಳೆಯುತ್ತಿವೆ ಎನ್ನಿಸಿದೊಡನೆ ಮಿದುಳು ಅಪಾಯದ ಸಂಕೇತ ಕೊಡುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಹೃದಯದ ವೇಗ ಏರುತ್ತದೆ. ಚರ್ಮ ಮತ್ತು ಕರುಳಿನ ರಕ್ತ ದೊಡ್ಡ ಸ್ನಾಯುಗಳತ್ತ ತಿರುಗುವುದರಿಂದ ಬೆರಳು ತಣ್ಣಗಾಗುತ್ತದೆ, ಹೊಟ್ಟೆ ಕಲಕುತ್ತದೆ. ತೆಳುವಾದ ಜೊಲ್ಲು ಕಡಿಮೆಯಾಗಿ ನಾಲಿಗೆ ಒಣಗುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುವುದರಿಂದ ದನಿ ನಡುಗುತ್ತದೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ 'ಹೋರಾಡು ಅಥವಾ ಓಡು' ಎಂದು ವಿವರಿಸಿದ ಕ್ರಿಯೆ ಇದೇ. ಹುಲಿಯ ಮುಂದೆ ಪ್ರಾಣ ಉಳಿಸುವ ಏರ್ಪಾಡು ಸಭಿಕರ ಮುಂದೆಯೂ ಚಾಲೂ ಆಗುತ್ತದೆ, ಅಷ್ಟೆ. ಇದು ಎಷ್ಟು ಖಚಿತವೆಂದರೆ, 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಒತ್ತಡ ಹುಟ್ಟಿಸಲು ಭಾಷಣವನ್ನೇ ಆರಿಸಿಕೊಂಡರು. ಭಾವವಿಲ್ಲದ ಮುಖಗಳ ಮುಂದೆ 5 ನಿಮಿಷ ಮಾತನಾಡಬೇಕು, ಆಮೇಲೆ 1022ರಿಂದ 13ನ್ನು ಕಳೆಯುತ್ತಾ ಗಟ್ಟಿಯಾಗಿ ಎಣಿಸಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಸರ್ರನೆ ಏರಿತು.

ಯುವ ಬ್ಯಾರಿಸ್ಟರ್ ಗಾಂಧಿಯವರಿಗೆ ಬೊಂಬಾಯಿಯ ನ್ಯಾಯಾಲಯದಲ್ಲಿ ಆದದ್ದೂ ಇದೇ. ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದವರಿಗೆ ತಲೆ ಸುತ್ತಿ, ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಅದೇ ಗಾಂಧಿ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಭಾರತೀಯ ವರ್ತಕರೆದುರು, ವ್ಯಾಪಾರದಲ್ಲಿ ಸತ್ಯದ ಬಗ್ಗೆ ಸಿದ್ಧರಾಗಿ ಹೋಗಿ ಮಾತನಾಡಿದರು. ಸಂಕೋಚ ಪೂರ್ತಿ ಹೋಗಲೇ ಇಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಎಂದರೆ ಅಳುಕು ಉಳಿದುಕೊಂಡೇ ವಿಶ್ವಾಸ ಬೆಳೆಯಬಲ್ಲದು.

ನನಗೆ ಅತ್ಯಂತ ಪ್ರಿಯವಾದ ಪ್ರಯೋಗ 2003ರದು. ಅಮೆರಿಕದ ಮನೋವಿಜ್ಞಾನಿಗಳಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ವಿದ್ಯಾರ್ಥಿಗಳಿಂದ ಭಾಷಣ ಮಾಡಿಸಿದರು. ಭಾಷಣಕಾರರು ತಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಎಂದುಕೊಂಡಿದ್ದರು. ಕೇಳುಗರಿಗೆ ಕಂಡದ್ದು ಅದಕ್ಕಿಂತ ಕಡಿಮೆ. ಒಳಗಿನ ಗದ್ದಲ ನಮಗೆ ಅಷ್ಟು ಜೋರಾಗಿರುವುದರಿಂದ ಅದು ಹೊರಗೂ ಸೋರುತ್ತಿದೆ ಎಂದು ಭಾವಿಸುತ್ತೇವೆ. ಆ ಭಾವನೆ ಇನ್ನಷ್ಟು ದಿಗಿಲು ಹುಟ್ಟಿಸುತ್ತದೆ, ದಿಗಿಲು ಮಾತನ್ನು ಕೆಡಿಸುತ್ತದೆ. ಸಂಶೋಧಕರು ಈ ಸರಪಳಿಯನ್ನು ಕತ್ತರಿಸಿ ನೋಡಿದರು. 'ಹೆದರಿಕೆ ಸಹಜ, ಚಿಂತಿಸಬೇಡಿ' ಎಂದು ಸಮಾಧಾನ ಮಾತ್ರ ಹೇಳಿಸಿಕೊಂಡವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. 'ನಿಮ್ಮ ಅಳುಕು ನೀವು ಎಣಿಸಿದಷ್ಟು ಹೊರಗೆ ಕಾಣುವುದಿಲ್ಲ' ಎಂಬ ಸಂಗತಿ ತಿಳಿದವರು ಚೆನ್ನಾಗಿ ಮಾತನಾಡಿದರು. ಕೇಳುಗರೂ ಅದನ್ನು ಒಪ್ಪಿದರು. ಒಂದು ವಾಕ್ಯದ ತಿಳಿವಳಿಕೆ ಇಷ್ಟು ಮಾಡಬಲ್ಲದು! ಕಚೇರಿಯ ಸಭೆ, ಸಂದರ್ಶನ, ಅಪರಿಚಿತರೊಡನೆ ಫೋನ್ ಮಾತು, ಎಲ್ಲಿ ಬೇಕಾದರೂ ಇದನ್ನು ನೆನೆಯಬಹುದು.

ಟ್ರಿಯರ್ ತಂಡ ಮುಂದೆ ಅದೇ ಪರೀಕ್ಷೆಯನ್ನು ಅದೇ ಜನರ ಮೇಲೆ ಹಲವು ದಿನ ನಡೆಸಿತು. ಹೆಚ್ಚಿನವರಲ್ಲಿ ಎರಡನೆಯ ದಿನಕ್ಕೇ ಕಾರ್ಟಿಸಾಲ್ ಏರಿಕೆ ತಗ್ಗಿತ್ತು. ಕೆಲವರಲ್ಲಿ ಮಾತ್ರ ಪ್ರತಿ ದಿನದ ಪರೀಕ್ಷೆಯಲ್ಲೂ ಅದು ಏರುತ್ತಿತ್ತು. ಅಂಥವರಿಗೆ ಹೆಚ್ಚು ಸಮಯ ಬೇಕು, ಮುಖ ಗಂಟಿಕ್ಕದ ಕೇಳುಗರು ಬೇಕು.