ಪೆಟ್ರೋಲ್ ಕುಡಿದು ಕೂತ ಇಂಜಿನ್‌ಗೆ ಒಂದು ಚಮಚ ಎಣ್ಣೆ

ಹೋದ ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ದುಬೈಯಿಂದ ಗೆಳೆಯನ ವಿಡಿಯೋ ಕಾಲ್ ಬಂತು. ಕುಮಟಾದವನು, ಹೈಸ್ಕೂಲಿನಲ್ಲಿ ನನ್ನ ಬೆಂಚಿನವನೇ. ನಾನು ಕಾರವಾರದ ಕೋಡಿಬಾಗದಲ್ಲಿ ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಚಾ ಕುಡಿಯುತ್ತಿದ್ದೆ. ‘ಕಾರು ಫ್ಲಡ್ ಆಗಿ ಕೂತಿದೆ ಮಾರಾಯಾ, ಎಂತ ಮಾಡಿದ್ರೂ ಸ್ಟಾರ್ಟ್ ಆಗ್ತಾ ಇಲ್ಲ’ ಎಂದ. ಚಿಕ್ಕಪ್ಪ ತಿರುಗಿ ನೋಡಿ, ‘ಅಲ್ಲೂ ಡ್ಯಾಮಿನ ಗೇಟ್ ತೆಗೆದ್ರಾ?’ ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದಲ್ಲ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದ್ದನ್ನು ಕಂಡವರು.

ಇದು ಆ ನೆರೆ ಅಲ್ಲ. ನೀರು ಹೊಕ್ಕ ಇಂಜಿನ್‌ನ ಕತೆ ಬೇರೆ, ಅದರ ಕೀಲಿಯನ್ನೂ ತಿರುಗಿಸಬಾರದು, ಸೀದಾ ಗ್ಯಾರೇಜಿಗೆ ಎಳೆಸಬೇಕು. ಗೆಳೆಯನ ಇಂಜಿನ್ನಿನಲ್ಲಿ ತುಂಬಿಕೊಂಡಿದ್ದು ಪೆಟ್ರೋಲು. ನಮ್ಮ ಕಡೆ ‘ಪೆಟ್ರೋಲ್ ಓವರ್ ಆಗಿದೆ’ ಅನ್ನುತ್ತಾರಲ್ಲ, ಅದೇ. ಬೈತಖೋಲದ ದೋಣಿಯ ಔಟ್‌ಬೋರ್ಡ್ ಮೋಟರಿಗೂ ಆಗುತ್ತದೆ, ಶಿರಸಿ ಕಡೆ ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಮಷಿನ್ನಿಗೂ ಆಗುತ್ತದೆ. ಹಗ್ಗ ಎಳೆದು ಎಳೆದು ನಮ್ಮ ಭುಜ ಬಿದ್ದುಹೋದರೂ ಅದು ಒಂದು ಸಲ ಕೆಮ್ಮುವುದೂ ಇಲ್ಲ. ಆದರೆ ಗೆಳೆಯನದು ರೋಟರಿ ಇಂಜಿನ್ನಿನ ಹಳೇ ಕಾರು. ಓವರ್ ಆದ ರೋಟರಿಯ ರೋಗವೇ ಬೇರೆ. ಇದನ್ನು ಬರೆಯಲು ಕೂತಿದ್ದೂ ಅದಕ್ಕೇ.

ಹಿಂದಿನ ಸಂಜೆ ಅವನು ಮಾಡಿದ್ದು ಇಷ್ಟೇ. ಕಾರು ತೊಳೆಯಬೇಕಿತ್ತು, ನಲ್ಲಿಯ ಪೈಪು ಮುಟ್ಟುತ್ತಿರಲಿಲ್ಲ. ಸ್ಟಾರ್ಟ್ ಮಾಡಿ, ಎರಡು ಮಾರು ಮುಂದೆ ತಂದು, ಆಫ್ ಮಾಡಿದ. ಹತ್ತು ಸೆಕೆಂಡಿನ ಕೆಲಸ. ತಣ್ಣಗಿನ ಲೋಹದ ಮೇಲೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಕಾರಿನ ಕಂಪ್ಯೂಟರು ಶುರುವಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಇಂಜಿನ್ ಓಡುತ್ತಲೇ ಇದ್ದರೆ ಆ ಜಾಸ್ತಿ ಭಾಗವೂ ಉರಿದು ಹೋಗುತ್ತದೆ. ಹತ್ತೇ ಸೆಕೆಂಡಿಗೆ ನಿಲ್ಲಿಸಿದರೆ ಒಳಗೇ ಉಳಿಯುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದಾಗ ಅದರ ಮೇಲೆ ಇನ್ನಷ್ಟು. ಸ್ಟಾರ್ಟ್ ಆಗಲಿಲ್ಲ ಎಂದು ಇನ್ನೊಂದು ಸಲ ಸೆಲ್ಫ್, ಮತ್ತೊಂದು ಸಲ ಸೆಲ್ಫ್, ಪ್ರತಿ ಸಲವೂ ಒಂದು ಸುರಿತ.

ಕುಮಟಾದಲ್ಲಿ ಅವನ ಅಮ್ಮನಿಗೆ ಸುದ್ದಿ ಮುಟ್ಟಿ, ದೃಷ್ಟಿ ತಾಗಿದೆ ಎಂದು ತೀರ್ಮಾನವೂ ಆಗಿತ್ತು. ಉಪ್ಪು, ಮೆಣಸು, ನಿಂಬೆಹಣ್ಣು ಎಲ್ಲ ತಯಾರು. ನನಗೆ ಸಿಟ್ಟು ಬರುವುದು ನಿಂಬೆಹಣ್ಣಿನ ಮೇಲಲ್ಲ, ಅದಕ್ಕೆ ಪುಕ್ಕಟೆ ಸಿಗುವ ಹೆಸರಿನ ಮೇಲೆ. ಓವರ್ ಆದ ಬೈಕನ್ನು ರಾತ್ರಿಯಿಡೀ ಸುಮ್ನೆ ಬಿಟ್ಟರೆ ಪೆಟ್ರೋಲ್ ಆರಿ ಬೆಳಿಗ್ಗೆ ತಾನಾಗಿ ಸ್ಟಾರ್ಟ್ ಆಗುತ್ತದೆ. ಮಧ್ಯೆ ನಿಂಬೆಹಣ್ಣು ಇಳಿಸಿದವರಿಗೆ ಅದರದ್ದೇ ಮಹಿಮೆ ಎಂದು ಕಾಣುತ್ತದೆ, ನಂಬಿಕೆ ಗಟ್ಟಿಯಾಗುತ್ತದೆ. ರೋಟರಿ ಈ ವಿಷಯದಲ್ಲಿ ನಿಷ್ಠುರ. ಇಂಜಿನ್ ಸ್ವಲ್ಪ ಹಳತಾಗಿದ್ದರೆ ರಾತ್ರಿ ಬಿಟ್ಟರೂ, ಎರಡು ರಾತ್ರಿ ಬಿಟ್ಟರೂ ಹಾಗೇ ಕೂತಿರುತ್ತದೆ. ಪೆಟ್ರೋಲ್ ಆರಿಹೋದರೂ, ಅದು ತೊಳೆದುಕೊಂಡು ಹೋದ ವಸ್ತು ವಾಪಸ್ ಬರುವುದಿಲ್ಲ.

ಆ ವಸ್ತು ಎಣ್ಣೆ.

ಹೀರು, ಒತ್ತು, ಉರಿಸು, ಉಗುಳು ಎಂಬ ನಾಲ್ಕು ಹೆಜ್ಜೆ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ರೋಟರಿಯಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ ಇಲ್ಲ. ಅಜ್ಜಿ ಮನೆಯ ಒರಳನ್ನು ನೆನಪು ಮಾಡಿಕೊಳ್ಳಿ. ಗುಂಡು ಕುಳಿಯ ಗೋಡೆಗೆ ಒತ್ತಿಕೊಂಡು ಸುತ್ತು ಹೊಡೆಯುತ್ತದೆ, ಸುತ್ತುತ್ತಾ ತಾನೂ ತಿರುಗುತ್ತದೆ. ಈಗ ಆ ಗುಂಡು ಬದಿ ಉಬ್ಬಿದ ತ್ರಿಕೋನ ಅಂದುಕೊಳ್ಳಿ (ಇದಕ್ಕೇ ರೋಟರ್ ಅನ್ನುವುದು), ಕುಳಿ ಶೇಂಗಾ ಕಾಯಿಯ ಹಾಗೆ ನಡುವಿನಲ್ಲಿ ಸ್ವಲ್ಪ ಒತ್ತಿದ ಆಕಾರ. ತ್ರಿಕೋನದ ಮೂರು ಮೂಲೆಗಳೂ ಯಾವಾಗಲೂ ಗೋಡೆಯನ್ನು ಸವರಿಕೊಂಡೇ ಓಡುತ್ತವೆ, ಹಾಗಾಗಿ ಕುಳಿ ಮೂರು ಕೋಣೆಗಳಾಗುತ್ತದೆ. ಒರಳಿನಲ್ಲಿ ಹಿಟ್ಟು ಇರುವ ಜಾಗದಲ್ಲಿ ಇಲ್ಲಿ ಗಾಳಿ ಮತ್ತು ಪೆಟ್ರೋಲು. ತ್ರಿಕೋನ ಒಂದು ಸುತ್ತು ಹೊಡೆಯುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ.

ಮೂಲೆ ಗೋಡೆಗೆ ತಾಗುವಲ್ಲಿ ಒಂದು ಪಟ್ಟಿ ಇದೆ. ಎಂಟು ಸೆಂಟಿಮೀಟರ್ ಉದ್ದ, ಎರಡೇ ಮಿಲಿಮೀಟರ್ ದಪ್ಪ. ಎಪೆಕ್ಸ್ ಸೀಲ್ ಅನ್ನುತ್ತಾರೆ. ಒಂದು ಕೋಣೆಯ ಒತ್ತಡ ಪಕ್ಕದ ಕೋಣೆಗೆ ನುಸುಳದಂತೆ ತಡೆಯುವುದು ಇದರ ಕೆಲಸ. ಲೋಹ ಲೋಹಕ್ಕೆ ಎಷ್ಟು ತಾಗಿದರೂ ಕೂದಲೆಳೆಯಷ್ಟು ಸಂದಿ ಇದ್ದೇ ಇರುತ್ತದೆ. ಅದನ್ನು ತುಂಬುವುದು ಗೋಡೆಗೆ ಹಚ್ಚಿಕೊಂಡ ತೆಳ್ಳಗಿನ ಎಣ್ಣೆ. ರೋಟರಿ ಓಡುವಾಗ ಒಂದು ಪುಟ್ಟ ಪಂಪು ಸ್ವಲ್ಪ ಸ್ವಲ್ಪ ಎಣ್ಣೆಯನ್ನು ಬೇಕೆಂದೇ ಒಳಗೆ ಬಿಡುತ್ತಿರುತ್ತದೆ. ‘ಇದು ಆಯಿಲ್ ತಿನ್ನುತ್ತೆ’ ಎಂದು ಬೈಯುವವರಿಗೆ ಇದು ಗೊತ್ತಿರುವುದಿಲ್ಲ. ಅದು ತಿನ್ನಲೇಬೇಕು.

ಸೈಕಲ್ ಪಂಪು ನೋಡಿದ್ದೀರಲ್ವಾ? ಒಳಗೆ ಬಟ್ಟಲಿನ ಆಕಾರದ ಚರ್ಮದ ವಾಷರ್ ಇರುತ್ತದೆ. ಬೇಸಿಗೆಯಲ್ಲಿ ಅದು ಒಣಗಿದರೆ ಎಷ್ಟು ಒತ್ತಿದರೂ ಗಾಳಿ ಬರುವುದಿಲ್ಲ, ಹಿಡಿಕೆ ಸಲೀಸಾಗಿ ಮೇಲೆ ಕೆಳಗೆ ಹೋಗುತ್ತದೆ ಅಷ್ಟೇ. ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟರೆ ಹಿಡಿಕೆ ಕೈಗೆ ತಿರುಗಿ ಒತ್ತತೊಡಗುತ್ತದೆ. ಅಥವಾ ತೋಟದ ಪಂಪ್‌ಸೆಟ್ ತೆಗೆದುಕೊಳ್ಳಿ. ಪೈಪು ಖಾಲಿಯಾದರೆ ಮೋಟರು ಸುಮ್ನೆ ತಿರುಗುತ್ತದೆ, ನೀರು ಬರುವುದಿಲ್ಲ. ಮೇಲಿನಿಂದ ಎರಡು ಕೊಡ ನೀರು ಹೊಯ್ದರೆ ಮಾತ್ರ ಅದಕ್ಕೆ ಹಿಡಿತ ಸಿಗುತ್ತದೆ. ನೀರು ಎತ್ತಲು ಮೊದಲು ನೀರೇ ಬೇಕು. ರೋಟರಿಯದ್ದೂ ಇದೇ ಹಟ, ಸ್ವಲ್ಪ ಹೆಚ್ಚೇ. ಆ ಪಟ್ಟಿಯ ಹಿಂದೆ ಸಣ್ಣ ಸ್ಪ್ರಿಂಗ್ ಇದೆ, ಆದರೆ ಅದನ್ನು ನಿಜವಾಗಿ ಗೋಡೆಗೆ ಅದುಮುವುದು ಕೋಣೆಯ ಒತ್ತಡವೇ. ಗಾಳಿ ಪಟ್ಟಿಯ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಗೆ ತಳ್ಳುತ್ತದೆ. ಎಣ್ಣೆ ತೊಳೆದುಹೋದರೆ ಒತ್ತಡ ಸೋರುತ್ತದೆ. ಒತ್ತಡ ಇಲ್ಲದಿದ್ದರೆ ಪಟ್ಟಿ ಸರಿಯಾಗಿ ಒತ್ತುವುದಿಲ್ಲ. ಪಟ್ಟಿ ಒತ್ತದಿದ್ದರೆ ಇನ್ನಷ್ಟು ಸೋರಿಕೆ. ಸೆಲ್ಫ್ ಮೋಟರು ತಿರುಗಿಸುವುದು ನಿಮಿಷಕ್ಕೆ 250 ಸುತ್ತಿನ ಆಸುಪಾಸು, ಅಂದರೆ ತ್ರಿಕೋನ 83 ಸುತ್ತು. ಆ ಆಮೆ ನಡಿಗೆಯಲ್ಲಿ ಸೋರಿಹೋಗಲು ಗಾಳಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಬ್ಯಾಟರಿ ಸೋತಿದ್ದರಂತೂ ಮುಗಿಯಿತು.

ಪೆಟ್ರೋಲ್ ಎಣ್ಣೆಯನ್ನು ಎಷ್ಟು ಚೆನ್ನಾಗಿ ತೊಳೆಯುತ್ತದೆ ಎಂಬುದಕ್ಕೆ ಪುರಾವೆ ಬೇಡ, ಗ್ರೀಸ್ ಆದ ಕೈಯನ್ನು ಗ್ಯಾರೇಜಿನ ಹುಡುಗರು ಅದರಲ್ಲೇ ಉಜ್ಜುತ್ತಾರೆ. ಇನ್ನು ಉರಿಯ ಲೆಕ್ಕ. ದ್ರವ ಪೆಟ್ರೋಲ್ ಉರಿಯುವುದಿಲ್ಲ, ಉರಿಯುವುದು ಆವಿ. ಅದೂ ಗಾಳಿಯಲ್ಲಿ ಸುಮಾರು 1.4% ರಿಂದ 7.6% ಇದ್ದಾಗ ಮಾತ್ರ. ಬಚ್ಚಲ ಒಲೆಗೆ ಸಂದಿಯೇ ಇಲ್ಲದಂತೆ ಸೋಗೆ ತುರುಕಿದರೆ ಬೆಂಕಿ ಹಿಡಿಯುವುದಿಲ್ಲವಲ್ಲ, ಹಾಗೆ. ಪ್ಲಗ್ಗಿನ ಪಿಂಗಾಣಿಯ ಮೇಲೆ ಮಸಿ, ಪೆಟ್ರೋಲ್ ಸೇರಿ ಕೆಸರಾಗಿ ಕಿಡಿಯ ಕರೆಂಟೂ ಅಡ್ಡದಾರಿ ಹಿಡಿಯುತ್ತದೆ.

ಈ ಎರಡು ಮಿಲಿಮೀಟರ್ ಪಟ್ಟಿ ಜನರನ್ನು ಎಷ್ಟು ಆಟ ಆಡಿಸಿದೆ ಎಂದರೆ, ಸ್ವಲ್ಪ ಚರಿತ್ರೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಇದನ್ನು ಯೋಚಿಸಿದ ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ (1902–1988) ಅವರ ಹತ್ತಿರ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ, ಕಣ್ಣು ಅಷ್ಟು ಮಂದ. ಅವರ ಮೊದಲ ಮಾದರಿ 1957ರ ಫೆಬ್ರವರಿ 1ರಂದು ಎನ್‌ಎಸ್‌ಯು ಕಂಪನಿಯಲ್ಲಿ ಓಡಿತು. ಅದರಲ್ಲಿ ತ್ರಿಕೋನದ ಜೊತೆ ಸುತ್ತಲಿನ ಕುಳಿಯೂ ತಿರುಗುತ್ತಿತ್ತು. ಪ್ಲಗ್ ಬದಲಿಸಬೇಕೆಂದರೆ ಇಂಜಿನ್ನನ್ನೇ ಬಿಚ್ಚಬೇಕು. ಓವರ್ ಆದಾಗ ಎಂಥ ಕಷ್ಟ ನೋಡಿ! ಅದೇ ಕಂಪನಿಯ ಹಾನ್ಸ್ ಡೀಟರ್ ಪಾಷ್ಕೆ ಕುಳಿಯನ್ನು ನಿಲ್ಲಿಸಿ, ತ್ರಿಕೋನ ಮಾತ್ರ ಓಡುವಂತೆ ಮಾಡಿದರು. ನನ್ನ ರೇಸ್ ಕುದುರೆಯನ್ನು ನೇಗಿಲು ಎಳೆಯುವ ಕುದುರೆ ಮಾಡಿಬಿಟ್ಟಿರಿ ಎಂದು ವ್ಯಾಂಕೆಲ್ ಸಿಡುಕಿದರಂತೆ. ಇವತ್ತಿಗೂ ಓಡುತ್ತಿರುವುದು ಆ ನೇಗಿಲ ಕುದುರೆಯೇ.

ಹಿರೋಷಿಮಾದ ಮಜ್ದಾ ಕಂಪನಿ 1961ರಲ್ಲಿ ಲೈಸೆನ್ಸ್ ಪಡೆದು ಕೆಲಸ ಶುರು ಮಾಡಿದಾಗ ಇನ್ನೊಂದು ಪೀಡೆ. ಕೆಲವು ಗಂಟೆ ಓಡಿಸಿ ಬಿಚ್ಚಿದರೆ ಗೋಡೆಯ ತುಂಬ ಸಾಲು ಸಾಲು ಗೀರು. ಇಂಜಿನಿಯರುಗಳು ಅದಕ್ಕೆ ‘ದೆವ್ವದ ಉಗುರಿನ ಗುರುತು’ ಎಂದು ಹೆಸರಿಟ್ಟರು. ಹೆಸರಷ್ಟೇ ದೆವ್ವದ್ದು. ಕೆನಿಚಿ ಯಾಮಾಮೊಟೊ ಅವರ ತಂಡ ಕಂಡುಕೊಂಡಿದ್ದು ಏನೆಂದರೆ, ಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆಂದು ಕುಣಿಯುವ ಹಾಗೆ ಪಟ್ಟಿ ತನ್ನದೇ ಲಯದಲ್ಲಿ ಗೋಡೆಯ ಮೇಲೆ ಕುಣಿಯುತ್ತಿದೆ ಎಂದು. ಪಟ್ಟಿಯ ಆಕಾರ, ಆಮೇಲೆ ಅದರ ವಸ್ತು ಬದಲಿಸಿದರು, ದೆವ್ವ ಬಿಟ್ಟಿತು. 1967ರಲ್ಲಿ ಮಜ್ದಾದ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಂತು, 1991ರಲ್ಲಿ ನಾಲ್ಕು ರೋಟರ್‌ನ ರೇಸ್ ಕಾರು 787ಬಿ ಫ್ರಾನ್ಸಿನ ಲ ಮಾನ್ ರೇಸನ್ನೇ ಗೆದ್ದಿತು.

ದುಬೈಗೆ ವಾಪಸ್ ಬರೋಣ.

‘ಮೊದಲು ಫ್ಯೂಯಲ್ ಪಂಪಿನ ಫ್ಯೂಸ್ ಕೀಳು’ ಎಂದೆ. ಇನ್ನು ಹೊಸ ಪೆಟ್ರೋಲ್ ಒಂದು ಹನಿಯೂ ಒಳಗೆ ಹೋಗಬಾರದು. ಆಮೇಲೆ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್‌ಗಳ ಕನೆಕ್ಟರ್ ತೆಗೆಸಿದೆ, ಏಕೆಂದರೆ ಮುಂದೆ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ, ಅಲ್ಲಿ ಕಿಡಿ ಸಿಡಿಯಬಾರದು. ಪಕ್ಕದಲ್ಲಿ ಸಿಗರೇಟು ಹಿಡಿದು ನಿಂತಿದ್ದ ಅವನ ರೂಮ್‌ಮೇಟನ್ನು ಗೇಟಿನ ಹೊರಗೆ ಕಳಿಸಿದ್ದಾಯಿತು. ಪ್ಲಗ್ ತೆಗೆಯಲು ಮುಂದಿನ ಚಕ್ರ ಬಿಚ್ಚಿ ಆ ಸಂದಿಯಿಂದ ಕೈ ಹಾಕಬೇಕಾಯಿತು. ಪ್ರತಿ ರೋಟರ್‌ಗೆ ಎರಡು ಪ್ಲಗ್ಗು, ಮೇಲಿನದು ಕೆಳಗಿನದು ಒಂದೇ ಅಲ್ಲ, ಅದಲುಬದಲು ಆಗಬಾರದು. ಅವನು ಒಂದನ್ನು ಕ್ಯಾಮರಾದ ಹತ್ತಿರ ಹಿಡಿದ. ಕಪ್ಪಗೆ ಹೊಳೆಯುತ್ತಿತ್ತು, ತುದಿಯಿಂದ ಒಂದು ಹನಿ ಜಾರಿ ಅವನ ಹೆಬ್ಬೆರಳಿಗೆ ಇಳಿಯಿತು.

ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತು ಸೆಕೆಂಡು ಸೆಲ್ಫ್. ಪ್ಲಗ್ಗಿನ ತೂತುಗಳಿಂದ ಫುಸ್ ಫುಸ್ ಎಂದು ಮಂಜು ಬಂತು. ಅರ್ಧ ನಿಮಿಷ ಬಿಟ್ಟು ಮತ್ತೆ, ಸೆಲ್ಫ್ ಮೋಟರೂ ತಣ್ಣಗಾಗಬೇಕಲ್ಲ. ಐದನೇ ಸಲಕ್ಕೆ ಬರೀ ಗಾಳಿ.

ಆಮೇಲೆ ಮುಖ್ಯ ಔಷಧ. ಸಿರಿಂಜಿನಲ್ಲಿ ಇಂಜಿನ್ ಆಯಿಲ್, ಒಂದು ರೋಟರ್‌ಗೆ ಸುಮಾರು ಒಂದು ಟೀ ಚಮಚ. ಒಂದೇ ಕಡೆ ಸುರಿದರೆ ಆಗದು, ತ್ರಿಕೋನಕ್ಕೆ ಮೂರು ಬದಿ ಇದೆ. ಸ್ವಲ್ಪ ಬಿಡುವುದು, ಶಾಫ್ಟ್ ತಿರುಗಿಸುವುದು, ಮುಂದಿನ ಬದಿ ಬಂದಾಗ ಮತ್ತೆ ಸ್ವಲ್ಪ. ಒಣಗಿಸಿ ಉಜ್ಜಿದ ಪ್ಲಗ್ ಹಾಕಿ, ಪಕ್ಕದ ಕಾರಿನಿಂದ ಬ್ಯಾಟರಿಗೆ ಜಂಪ್ ಕೊಟ್ಟು, ಫ್ಯೂಸ್ ಇಲ್ಲದೆಯೇ ಒಮ್ಮೆ ತಿರುಗಿಸಲು ಹೇಳಿದೆ. ಆಗಲೇ ಸದ್ದು ಬದಲಾಗಿತ್ತು. ಮೊದಲು ಒಂದೇ ಸಮ ವ್ರ್ರ್ ಎನ್ನುತ್ತಿದ್ದದ್ದು ಈಗ ತಡೆದು ತಡೆದು ಚಫ್ ಚಫ್ ಚಫ್ ಎಂದಿತು. ಫೋನಿನಲ್ಲೂ ಕೇಳಿಸಿತು. ಸೈಕಲ್ ಪಂಪಿನ ಹಿಡಿಕೆ ಕೈಗೆ ತಿರುಗಿ ಒತ್ತುವುದು ಅಂದೆನಲ್ಲ, ಅದರ ಸದ್ದು ಇದು.

ಕನೆಕ್ಟರ್, ಫ್ಯೂಸ್ ಎರಡನ್ನೂ ಹಾಕಿ ಕೀಲಿ ತಿರುಗಿಸಿದ. ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಹಿಡಿಯಿತು. ಹಿಂದಿನಿಂದ ಎಂಥ ಹೊಗೆ! ಅಡಿಕೆ ತೋಟದಲ್ಲಿ ಹಸಿ ಸೊಪ್ಪಿಗೆ ಬೆಂಕಿ ಹಾಕಿದ ಹಾಗೆ. ವಾಚ್‌ಮನ್ ಓಡಿ ಬಂದ. ಹಾಕಿದ ಎಣ್ಣೆ ಉರಿಯುತ್ತಿದೆ ಅಷ್ಟೇ, ಜೋರಾಗಿ ರೇಸ್ ಮಾಡಬೇಡ, ಸೈಲೆನ್ಸರಿನಲ್ಲಿ ಉಳಿದ ಪೆಟ್ರೋಲಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ವಿಪರೀತ ಕಾಯುತ್ತದೆ ಎಂದೆ. ಟೆಂಪರೇಚರ್ ಮುಳ್ಳು ನಡುವಿಗೆ ಬರುವವರೆಗೆ ಕಾಲು ಗಂಟೆ ಆಫ್ ಮಾಡಲು ಬಿಡಲಿಲ್ಲ.

ಇಷ್ಟರಲ್ಲಿ ನನ್ನ ಚಾ ತಣ್ಣಗಾಗಿತ್ತು. ಗೆಳೆಯನ ಕಾರಿನ ಮೇಲೆ ಹಿಂದಿನ ದಿನದ ಧೂಳಿನ ಜೊತೆ ಈಗ ಗ್ರೀಸಿನ ಕೈಗುರುತು ಬೇರೆ. ‘ಈಗ ತೊಳೀಲಾ?’ ಎಂದು ಕೇಳಿದ. ‘ತೊಳಿ, ಆದ್ರೆ ಇನ್ನೊಂದು ಉದ್ದದ ಪೈಪ್ ತಕ್ಕೊಂಡು ಬಾ’ ಎಂದೆ.