ದಣಿದ ಕುರಿಯ ಕಪ್ಪು ಮಾಂಸ

ಭಾನುವಾರ ಬೆಳಗ್ಗೆ ಮಟನ್ ಅಂಗಡಿಯ ಮುಂದೆ ನಿಂತಾಗ, ಕೊಕ್ಕೆಗೆ ನೇತುಹಾಕಿದ ಎರಡು ತೊಡೆಗಳ ಬಣ್ಣ ಒಮ್ಮೊಮ್ಮೆ ಬೇರೆಬೇರೆ ಕಾಣುತ್ತದೆ. ಒಂದು ತಿಳಿಗೆಂಪು, ಇನ್ನೊಂದು ನೇರಳೆಗೆ ತಿರುಗಿದ ಕಡುಗೆಂಪು. ಎರಡನೆಯದು ಮುದಿ ಕುರಿಯದು ಎಂದುಕೊಂಡು ಬೇಡ ಅನ್ನುತ್ತೇವೆ. ವಯಸ್ಸಾದಂತೆ ಬಣ್ಣ ಗಾಢವಾಗುವುದು ನಿಜ. ಆದರೆ ಹಾಲುಹಲ್ಲಿನ ಮರಿಯ ಮಾಂಸವೂ ಹೀಗೆ ಕಪ್ಪಾಗಬಹುದು. ಸಾಯುವ ಮುಂಚಿನ ಒಂದೆರಡು ದಿನ ಅದಕ್ಕೆ ಹೇಗೆ ಕಳೆಯಿತು ಎಂದು ಕೇಳಬೇಕು.

ಹೊಟ್ಟೆ ತುಂಬ ಮೇದು ನೆಮ್ಮದಿಯಾಗಿರುವ ಕುರಿಯ ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಕೊಯ್ದ ಮೇಲೆ ರಕ್ತದ ಓಟ ನಿಂತರೂ ಸ್ನಾಯುವಿನ ಕೆಲಸ ಕೂಡಲೇ ನಿಲ್ಲುವುದಿಲ್ಲ. ಆಮ್ಲಜನಕವಿಲ್ಲದೆಯೇ ಅದು ಗ್ಲೈಕೋಜೆನ್ನನ್ನು ಒಡೆದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್; 7ರ ಆಸುಪಾಸಿನಲ್ಲಿದ್ದ ಅದು ಇಳಿಯುತ್ತಾ ಬಂದು, 24 ಗಂಟೆಯೊಳಗೆ 5.5ರ ಹತ್ತಿರ ನಿಲ್ಲುತ್ತದೆ. ಅಷ್ಟು ಹುಳಿಯಾಗಲು ಕಿಲೋ ಮಾಂಸಕ್ಕೆ ಸುಮಾರು 10 ಗ್ರಾಂ ಗ್ಲೈಕೋಜೆನ್ ಬೇಕು. ಬಣ್ಣ, ರುಚಿ, ಬಾಳಿಕೆ ಎಲ್ಲಕ್ಕೂ ಆ ಹುಳಿಯೇ ಆಧಾರ.

ಹೆದರಿದ ಕುರಿಯ ಮೈಯಲ್ಲಿ ಅಡ್ರಿನಾಲಿನ್ ಏರಿ ಈ ದಾಸ್ತಾನನ್ನು ಕರಗಿಸುತ್ತದೆ. ಓಡಾಟ, ಒದ್ದಾಟ ಇನ್ನಷ್ಟನ್ನು ಸುಡುತ್ತವೆ. ಖಾಲಿಯಾದದ್ದು ಮತ್ತೆ ತುಂಬಲು ಮೇವು, ನೀರು, ವಿಶ್ರಾಂತಿ ಮೂರೂ ಬೇಕು. ಅದಕ್ಕೆ ಮುಂಚೆಯೇ ಕೊಯ್ದರೆ ಪಿಎಚ್ 6ಕ್ಕಿಂತ ಮೇಲೆಯೇ ಉಳಿಯುತ್ತದೆ. ಅಂಥ ಮಾಂಸ ನೀರನ್ನು ಬಿಗಿಯಾಗಿ ಹಿಡಿದುಕೊಂಡು, ಕಪ್ಪಾಗಿ, ಮೇಲೆ ಒಣಒಣಗಿ ಕಾಣುತ್ತದೆ. ಬೇಗ ಕೆಡುತ್ತದೆ ಕೂಡ: ಹುಳಿಯ ತಡೆ ಇಲ್ಲ, ಸಕ್ಕರೆ ಸಿಗದ ಬ್ಯಾಕ್ಟೀರಿಯಾಗಳು ನೇರವಾಗಿ ಅಮೈನೋ ಆಮ್ಲಗಳಿಗೆ ಬಾಯಿ ಹಾಕುತ್ತವೆ, ವಾಸನೆ ಹೊಡೆಯುತ್ತದೆ.

ನಮ್ಮಲ್ಲಿ ಮಾಂಸವನ್ನು ಒಂದು ದಿನ ಇಟ್ಟು ಮಾರುವ ರೂಢಿ ಕಡಿಮೆ, ಬೆಳಗ್ಗೆ ಕೊಯ್ದದ್ದು ಮಧ್ಯಾಹ್ನದೊಳಗೆ ಕುಕ್ಕರ್ ಸೇರುತ್ತದೆ. ಹಾಗೆಂದು ತೊಂದರೆ ತಪ್ಪಿತು ಅನ್ನುವಂತಿಲ್ಲ. ಶಕ್ತಿ ಬರಿದಾದ ಪ್ರಾಣಿಯ ಸ್ನಾಯು ಸತ್ತ ಮೇಲೆ ಬೇಗ ಸೆಡೆದುಕೊಳ್ಳುತ್ತದೆ. ಸೆಡೆತ ಬಿಡುವ ಮುಂಚೆ ಬೇಯಿಸಿದ ಮಾಂಸ ಜಗಿಯಲು ಬಿರುಸು.

ಹಸಿವೇ ಇದಕ್ಕೆಲ್ಲ ಕಾರಣ ಎಂದು ನಾನೂ ಬಹುಕಾಲ ನಂಬಿದ್ದೆ. ಆದರೆ ಕುರಿಯ ದೊಡ್ಡ ಹೊಟ್ಟೆಯಲ್ಲಿ ಮೇವು ಗಂಟೆಗಟ್ಟಲೆ ಹುದುಗುತ್ತಾ ಶಕ್ತಿ ಕೊಡುತ್ತಲೇ ಇರುತ್ತದೆ. ಒಂದು ದಿನದ ಉಪವಾಸವನ್ನು ಅದು ಸಾಕಷ್ಟು ತಾಳಿಕೊಳ್ಳುತ್ತದೆ. ತಾಳಲಾರದ್ದು ಬೇರೆ: ಅಮೀನಗಡದಂಥ ಸಂತೆಯ ಗದ್ದಲ, ಟೆಂಪೋದಲ್ಲಿ ಒತ್ತೊತ್ತಾಗಿ ನಿಂತ ದಾರಿ, ಅಟ್ಟಿಸುವ ನಾಯಿ, ಉಣ್ಣೆ ಹಿಡಿದು ಎತ್ತುವ ಕೈ. ಉಣ್ಣೆ ಜಗ್ಗಿದ ಕಡೆ ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತದೆ. ಚರ್ಮ ಸುಲಿದಾಗ ಆ ಕಲೆಯನ್ನು ಕತ್ತರಿಸಿ ಬಿಸಾಡಬೇಕು.

ಎಲ್ಲಕ್ಕಿಂತ ದೊಡ್ಡ ಭಯ ಒಂಟಿತನದ್ದು. ಕುರಿಗೆ ಮುಖಗಳ ನೆನಪು ಗಟ್ಟಿ. ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು, ಕುರಿಗಳು 50 ಕುರಿಮುಖಗಳನ್ನು ಎರಡು ವರ್ಷ ನೆನಪಿಡಬಲ್ಲವು ಎಂದು 2001ರಲ್ಲಿ ತೋರಿಸಿದರು. 2004ರಲ್ಲಿ ಪ್ರಕಟವಾದ ಅವರ ಇನ್ನೊಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಿದ ಕುರಿಗೆ ಇನ್ನೊಂದು ಕುರಿಯ ಮುಖದ ಚಿತ್ರ ತೋರಿಸಿದರು. ಅರಚುವುದು ಕಡಿಮೆಯಾಯಿತು, ಎದೆಬಡಿತ ತಗ್ಗಿತು, ರಕ್ತದಲ್ಲಿ ಒತ್ತಡದ ಹಾರ್ಮೋನುಗಳಾದ ಕಾರ್ಟಿಸಾಲ್, ಅಡ್ರಿನಾಲಿನ್ ಎರಡೂ ಇಳಿದವು. ಮೇಕೆಯ ಮುಖದಿಂದ ಆ ಸಮಾಧಾನ ಸಿಗಲಿಲ್ಲ. ಬರೀ ಚಿತ್ರಕ್ಕೆ ಅಷ್ಟು ಶಕ್ತಿ!

ನಮ್ಮ ದೇಶದ 2001ರ ವಧಾಗೃಹ ನಿಯಮಗಳು, ಪಶುವೈದ್ಯರ ತಪಾಸಣೆಯ ನಂತರ ಪ್ರಾಣಿಗೆ 24 ಗಂಟೆ ವಿಶ್ರಾಂತಿ ಕೊಡಬೇಕು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು ಎನ್ನುತ್ತವೆ. ರಸ್ತೆಬದಿಯ ಎಷ್ಟೋ ಅಂಗಡಿಗಳ ಹಿಂದೆ ಎರಡೂ ನಡೆಯುವುದಿಲ್ಲ, ಅದು ನನಗೆ ನೋವಿನ ಸಂಗತಿ. ಮಂದೆಯಿಂದ ಒಂದೊಂದೇ ಕುರಿಯನ್ನು ಎಳೆದೊಯ್ದಾಗ ಕೊನೆಗೆ ಉಳಿದದ್ದು ಗೋಡೆಗೆ ಗುದ್ದುತ್ತಾ ಅರಚುತ್ತದೆ. ನಾಳೆಗೆಂದು ಇಟ್ಟ ಕುರಿಯೊಂದನ್ನು ಮರೆಯಲ್ಲಿ ಅದರ ಜೊತೆಗೆ ಬಿಟ್ಟರೂ ಆ ಒದ್ದಾಟ ಎಷ್ಟೋ ತಗ್ಗುತ್ತದೆ.